ಬೆಕ್ಕಿನ ಮರಿಯ ಮೊದಲ ಎಂಟು ವಾರಗಳು: ಬಾಳಿನುದ್ದದ ಆರೋಗ್ಯಕ್ಕೆ ಬುನಾದಿ

ಶ್ರೀವೈಷ್ಣವ ಸಂಪ್ರದಾಯದಲ್ಲಿ ಶರಣಾಗತಿಯನ್ನು ವಿವರಿಸಲು ಎರಡು ದೃಷ್ಟಾಂತಗಳನ್ನು ಕೊಡುವುದುಂಟು. ಕೋತಿಯ ಮರಿ ತಾನೇ ತಾಯಿಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ; ಇದು ಮರ್ಕಟ ಕಿಶೋರ ನ್ಯಾಯ. ಬೆಕ್ಕಿನ ಮರಿ ಸುಮ್ಮನಿರುತ್ತದೆ, ತಾಯಿಯೇ ಅದನ್ನು ಬಾಯಲ್ಲಿ ಕಚ್ಚಿಕೊಂಡು ಸುರಕ್ಷಿತ ತಾಣಕ್ಕೆ ಒಯ್ಯುತ್ತದೆ. ಇದು ಮಾರ್ಜಾಲ ಕಿಶೋರ ನ್ಯಾಯ. ಪಶುವೈದ್ಯ ವಿಜ್ಞಾನದ ದೃಷ್ಟಿಯಿಂದಲೂ ಈ ಎರಡನೆಯ ಮಾತು ಸತ್ಯ. ಹುಟ್ಟಿದಾಗ ಬೆಕ್ಕಿನ ಮರಿಗೆ ಕಣ್ಣು ಕಾಣದು, ಕಿವಿ ಕೇಳದು, ಮೈಯ ಶಾಖವನ್ನು ಕಾಪಾಡಿಕೊಳ್ಳಲೂ ಬಾರದು. ಎಲ್ಲವೂ ತಾಯಿಯಿಂದಲೇ ದೊರೆಯಬೇಕು.

ನಗರಗಳಲ್ಲಿ ಬೆಕ್ಕು ಸಾಕುವವರು ಸಾಮಾನ್ಯವಾಗಿ ನಾಲ್ಕೈದು ವಾರದ ಮರಿಯನ್ನೇ ಮನೆಗೆ ತರುತ್ತಾರೆ. ಚಿಕ್ಕದಿರುವಾಗಲೇ ತಂದರೆ ಚೆನ್ನಾಗಿ ಹೊಂದಿಕೊಳ್ಳುತ್ತದೆ ಎಂಬುದು ನಂಬಿಕೆ. ಈ ನಂಬಿಕೆಯಲ್ಲಿ ಅರ್ಧ ಸತ್ಯವಿದೆ. ಮನುಷ್ಯರ ಒಡನಾಟ ಮರಿಗೆ ಬೇಗನೆ ಸಿಗಬೇಕು ನಿಜ. ಆದರೆ ತಾಯಿಯಿಂದ ಅಗಲಿಕೆ ತಡವಾಗಿಯೇ ಆಗಬೇಕು. ಈ ವ್ಯತ್ಯಾಸವನ್ನು ಅರಿಯದ ಕಾರಣ ಎಷ್ಟೋ ಮರಿಗಳು ಬದುಕುವುದಿಲ್ಲ. ಬದುಕಿದವು ಜೀವನಪರ್ಯಂತ ಅದರ ಪರಿಣಾಮವನ್ನು ಅನುಭವಿಸುತ್ತವೆ.

ಮೊದಲ ದಿನದ ಹಾಲು

ಗರ್ಭದಲ್ಲಿರುವಾಗ ತಾಯಿಯಿಂದ ಮರಿಗೆ ದಾಟುವ ರೋಗನಿರೋಧಕ ಶಕ್ತಿ ಅತ್ಯಲ್ಪ. ಅದರ ಬಹುಪಾಲು ದೊರೆಯುವುದು ಹೆರಿಗೆಯ ನಂತರದ ಮೊದಲ ಹಾಲಿನಿಂದ, ಅಂದರೆ ಗಿಣ್ಣುಹಾಲಿನಿಂದ. ಅದರಲ್ಲಿರುವ ಪ್ರತಿಕಾಯಗಳನ್ನು ಮರಿಯ ಕರುಳು ಹೀರಿಕೊಳ್ಳುವುದು ಮೊದಲ ದಿನ ಮಾತ್ರ. ಸುಮಾರು 16 ಗಂಟೆಗಳ ನಂತರ ಆ ಸಾಮರ್ಥ್ಯ ಬಹುತೇಕ ಇಲ್ಲವಾಗುತ್ತದೆ. ಹುಟ್ಟಿದೊಡನೆ ತಾಯಿಯನ್ನು ಕಳೆದುಕೊಂಡ ಮರಿಗಳು ಸಣ್ಣ ಸೋಂಕಿಗೂ ಬಲಿಯಾಗಲು ಇದೇ ಮುಖ್ಯ ಕಾರಣ.

ಶಾಖ ಮತ್ತು ತೂಕ

ನವಜಾತ ಮರಿಯ ತೂಕ ಸುಮಾರು 100 ಗ್ರಾಂ. ದಿನಕ್ಕೆ 10ರಿಂದ 15 ಗ್ರಾಂ ಹೆಚ್ಚುತ್ತಾ ಎರಡು ವಾರಗಳಲ್ಲಿ ಅದು ಇಮ್ಮಡಿಯಾಗಬೇಕು. ಅಡುಗೆಮನೆಯ ಚಿಕ್ಕ ತಕ್ಕಡಿಯಲ್ಲಿ ಪ್ರತಿದಿನ ತೂಗಿ ಬರೆದಿಡುವುದು ಒಳ್ಳೆಯ ಅಭ್ಯಾಸ. ತೂಕ ಒಂದು ದಿನ ಏರದಿದ್ದರೂ ಎಚ್ಚರ ವಹಿಸಬೇಕು. ಇಳಿದರೆ ವೈದ್ಯರಲ್ಲಿಗೆ ಒಯ್ಯಬೇಕು.

ಮೊದಲ ವಾರ ಮರಿಗೆ ನಡುಗಿ ಶಾಖ ಹುಟ್ಟಿಸಿಕೊಳ್ಳುವ ಶಕ್ತಿಯೂ ಇರುವುದಿಲ್ಲ. ಆಗ ಅದರ ಸುತ್ತ 30 ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗಿನ ವಾತಾವರಣ ಬೇಕು. ಮೈ ತಣ್ಣಗಾದ ಮರಿಗೆ ಹಾಲು ಜೀರ್ಣವಾಗದು. ಆದ್ದರಿಂದ ಮೊದಲು ಬೆಚ್ಚಗೆ ಮಾಡಿ, ಅನಂತರವೇ ಹಾಲು ಕೊಡಬೇಕೆಂಬುದು ಪಶುವೈದ್ಯರ ಮೊದಲ ಪಾಠ.

ಕಣ್ಣು ತೆರೆಯುವ ಹೊತ್ತು

ಏಳರಿಂದ ಹದಿನಾಲ್ಕು ದಿನಗಳೊಳಗೆ ಮರಿ ಕಣ್ಣು ತೆರೆಯುತ್ತದೆ. ಈ ಕಾಲದ ಮಹತ್ವವನ್ನು ಜಗತ್ತಿಗೆ ತಿಳಿಸಿದವರು ಡೇವಿಡ್ ಹ್ಯೂಬೆಲ್ ಮತ್ತು ಟೋರ್ಸ್ಟನ್ ವೀಸೆಲ್. ಹುಟ್ಟಿದ ಮೊದಲ ಕೆಲವು ತಿಂಗಳು ಒಂದು ಕಣ್ಣು ಮುಚ್ಚಿಹೋಗಿದ್ದರೆ, ಅನಂತರ ಅದನ್ನು ತೆರೆದರೂ ಮೆದುಳು ಆ ಕಣ್ಣಿನ ನೋಟವನ್ನು ಸ್ವೀಕರಿಸದೆಂದು ಅವರು 1960ರ ದಶಕದಲ್ಲಿ ಬೆಕ್ಕಿನ ಮರಿಗಳ ಮೇಲಿನ ಪ್ರಯೋಗಗಳಿಂದ ತೋರಿಸಿದರು. ಬೆಳೆದ ಬೆಕ್ಕಿನ ಕಣ್ಣನ್ನು ಅಷ್ಟೇ ಕಾಲ ಮುಚ್ಚಿದರೂ ಇಂತಹ ನಷ್ಟವಾಗಲಿಲ್ಲ. ದೃಷ್ಟಿಯ ಕುರಿತ ಸಂಶೋಧನೆಗಾಗಿ ಅವರಿಗೆ 1981ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಬೀದಿಯಲ್ಲಿ ಹುಟ್ಟಿದ ಮರಿಗಳ ಕಣ್ಣು ಕೀವಿನಿಂದ ಅಂಟಿಕೊಂಡಿರುವುದು ಸಾಮಾನ್ಯ ದೃಶ್ಯ. ಇದಕ್ಕೆ ಹಲವು ಬಾರಿ ಬೆಕ್ಕಿನ ಹರ್ಪಿಸ್ ವೈರಾಣು ಕಾರಣ. ಕಾಯಿಲೆ ವಾಸಿಯಾದರೂ ವೈರಾಣು ನರಗಳಲ್ಲಿ ಅಡಗಿದ್ದು, ಮುಂದೆ ಆಯಾಸ, ಆತಂಕಗಳ ಸಮಯದಲ್ಲಿ ಶೀತ, ಕಣ್ಣುರಿಯಾಗಿ ಮರುಕಳಿಸಬಹುದು. ಆದ್ದರಿಂದ ಕಣ್ಣಿನ ಚಿಕಿತ್ಸೆಯನ್ನು ನಾಳೆಗೆ ಮುಂದೂಡಬಾರದು.

ಒಡನಾಟದ ಕಾಲ

ಎರಡರಿಂದ ಏಳು ವಾರಗಳ ಅವಧಿಯಲ್ಲಿ ಮರಿ ಯಾರನ್ನು ನಂಬಬೇಕೆಂಬುದನ್ನು ಕಲಿಯುತ್ತದೆ. ಈ ಅವಧಿಯಲ್ಲಿ ದಿನವೂ ಹೆಚ್ಚು ಹೊತ್ತು ಮನುಷ್ಯರ ಕೈಯಲ್ಲಿ ಆಡಿದ ಮರಿಗಳು ಮುಂದೆ ಜನರ ಬಳಿ ಸುಲಭವಾಗಿ ಬರುತ್ತವೆಂದು ಅಮೆರಿಕದ ಟೆಂಪಲ್ ವಿಶ್ವವಿದ್ಯಾಲಯದ ಐಲೀನ್ ಕಾರ್ಶ್ 1980ರ ದಶಕದಲ್ಲಿ ತೋರಿಸಿಕೊಟ್ಟರು. ಹಾಗೆಂದು ಈ ವಯಸ್ಸಿನಲ್ಲಿ ಮರಿಯನ್ನು ತಾಯಿಯಿಂದ ಬಿಡಿಸಬೇಕಿಲ್ಲ. ತಾಯಿಯ ಜೊತೆಗಿರುವಾಗಲೇ ಮೃದುವಾಗಿ ಎತ್ತಿ ಆಡಿಸಿದರೆ ಸಾಕು.

ಕಚ್ಚುವಾಗ ಹಿಡಿತವಿರಬೇಕು, ಪರಚುವಾಗ ಉಗುರು ಒಳಗಿರಬೇಕು ಎಂಬ ಶಿಸ್ತನ್ನು ಮರಿ ಕಲಿಯುವುದು ತಾಯಿ ಮತ್ತು ಒಡಹುಟ್ಟಿದ ಮರಿಗಳಿಂದ. ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ಸಂಶೋಧಕರು ಸುಮಾರು 5,700 ಬೆಕ್ಕುಗಳ ಕುರಿತು ಮಾಲೀಕರಿಂದ ಸಂಗ್ರಹಿಸಿದ ಮಾಹಿತಿಯನ್ನು 2017ರಲ್ಲಿ ಪ್ರಕಟಿಸಿದರು. ಎಂಟು ವಾರಕ್ಕೆ ಮುನ್ನ ತಾಯಿಯಿಂದ ಬೇರ್ಪಟ್ಟ ಬೆಕ್ಕುಗಳಲ್ಲಿ ಆಕ್ರಮಣದ ಸ್ವಭಾವ ಹೆಚ್ಚಾಗಿ ಕಂಡುಬಂದಿತ್ತು. ಹದಿನಾಲ್ಕು ವಾರದವರೆಗೆ ತಾಯಿಯ ಬಳಿಯೇ ಇದ್ದವುಗಳ ವರ್ತನೆ ಉತ್ತಮವಾಗಿತ್ತು.

ಹಾಲು-ಅನ್ನ ಸಾಲದು

ಬೆಕ್ಕಿನ ಹಾಲಿನಲ್ಲಿರುವ ಪ್ರೋಟೀನಿನ ಸುಮಾರು ಅರ್ಧದಷ್ಟು ಮಾತ್ರ ಹಸುವಿನ ಹಾಲಿನಲ್ಲಿದೆ. ಹಸುವಿನ ಹಾಲು ಕುಡಿದ ಮರಿಗೆ ಭೇದಿಯಾಗುವ ಸಂಭವವೂ ಹೆಚ್ಚು. ಅಷ್ಟು ಚಿಕ್ಕ ದೇಹದಲ್ಲಿ ಭೇದಿ ಪ್ರಾಣಾಂತಿಕವಾಗಬಲ್ಲದು. ನಾಲ್ಕನೆಯ ವಾರದಿಂದ ಮೆತ್ತಗಿನ ಆಹಾರವನ್ನು ಸ್ವಲ್ಪ ಸ್ವಲ್ಪವಾಗಿ ರೂಢಿಸಬಹುದು.

ನಮ್ಮ ಅನೇಕ ಮನೆಗಳಲ್ಲಿ ಬೆಕ್ಕಿಗೆ ಹಾಲು-ಅನ್ನವೇ ಊಟ. ಆದರೆ ಬೆಕ್ಕು ಹುಟ್ಟಾ ಮಾಂಸಾಹಾರಿ. ಅದಕ್ಕೆ ಬೇಕಾದ ಟಾರಿನ್ ಎಂಬ ಸತ್ವ ಮಾಂಸ, ಮೀನುಗಳಲ್ಲಿ ಧಾರಾಳವಾಗಿದೆ; ಸಸ್ಯಾಹಾರದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಟಾರಿನ್ ಕೊರತೆಯಿಂದ ಕಣ್ಣಿನ ಅಕ್ಷಿಪಟಲ ನಶಿಸುತ್ತದೆ. ಅದರಿಂದ ಹೃದಯದ ಸ್ನಾಯುವೂ ದುರ್ಬಲವಾಗುತ್ತದೆಂದು ಅಮೆರಿಕದ ಪಾಲ್ ಪಿಯಾನ್ ಮತ್ತು ಸಂಗಡಿಗರು 1987ರಲ್ಲಿ ತೋರಿಸಿದರು. ಗರ್ಭಿಣಿ ಬೆಕ್ಕಿಗೆ ಈ ಕೊರತೆಯಾದರೆ ಮರಿಗಳ ಬೆಳವಣಿಗೆಯೇ ಕುಂಠಿತವಾಗುತ್ತದೆ. ಮಾಂಸ ತರದ ಮನೆಗಳಲ್ಲಿ ಮರಿಗಳಿಗೆಂದೇ ತಯಾರಿಸಿದ ಸಿದ್ಧ ಆಹಾರ ಕೊಡುವುದು ಸೂಕ್ತ.

ಜಂತುಹುಳು ಮತ್ತು ಲಸಿಕೆ

ದುಂಡು ಜಂತುಹುಳುಗಳು ತಾಯಿಯ ಹಾಲಿನ ಮೂಲಕವೇ ಮರಿಗೆ ಬರುತ್ತವೆ. ಆದ್ದರಿಂದ ಮೂರನೆಯ ವಾರದಿಂದಲೇ, ತೂಕಕ್ಕೆ ತಕ್ಕ ಪ್ರಮಾಣದಲ್ಲಿ, ವೈದ್ಯರ ಸಲಹೆಯಂತೆ ಔಷಧ ಕೊಡಬೇಕು.

ತಾಯಿಯಿಂದ ಬಂದ ರಕ್ಷಣೆ ಕ್ರಮೇಣ ಕರಗುತ್ತದೆ. ಅದು ಪೂರ್ಣವಾಗಿ ಕರಗುವ ದಿನ ಮರಿಯಿಂದ ಮರಿಗೆ ಬೇರೆ. ಅದು ಉಳಿದಿರುವಷ್ಟು ದಿನ ಲಸಿಕೆಯೂ ಸರಿಯಾಗಿ ಫಲಿಸದು. ಆದ್ದರಿಂದಲೇ ಆರರಿಂದ ಎಂಟನೆಯ ವಾರದಲ್ಲಿ ಆರಂಭಿಸಿ, ಮೂರು-ನಾಲ್ಕು ವಾರಗಳಿಗೊಮ್ಮೆ, ಹದಿನಾರು ವಾರ ತುಂಬುವವರೆಗೆ ಲಸಿಕೆ ಹಾಕಿಸುವ ಕ್ರಮವಿದೆ. ಒಂದೇ ಚುಚ್ಚುಮದ್ದಿಗೆ ನಿಲ್ಲಿಸುವುದು ಅಪಾಯಕರ. ಪ್ಯಾನ್‌ಲ್ಯೂಕೋಪೇನಿಯಾ ಎಂಬ ವಾಂತಿ-ಭೇದಿಯ ರೋಗ ಮರಿಗಳನ್ನು ಎರಡು-ಮೂರು ದಿನಗಳಲ್ಲಿ ಕೊಲ್ಲಬಲ್ಲದು. ಗರ್ಭದಲ್ಲಿ ಅಥವಾ ಹುಟ್ಟಿದ ಹೊಸತರಲ್ಲಿ ಅದೇ ವೈರಾಣು ತಗುಲಿದರೆ ಕಿರುಮೆದುಳು ಬೆಳೆಯದೆ, ಬೆಕ್ಕು ಜೀವನವಿಡೀ ತೂರಾಡುತ್ತಾ ನಡೆಯುತ್ತದೆ. ಹನ್ನೆರಡು ವಾರಗಳಾದ ಮೇಲೆ ರೇಬಿಸ್ ಲಸಿಕೆಯನ್ನು ತಪ್ಪದೆ ಹಾಕಿಸಬೇಕು.

ತಾಯಿ ಕಾಣದ ಮರಿ ಸಿಕ್ಕರೆ

ಬೆಕ್ಕು ತನ್ನ ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಎಂದು ಹಿರಿಯರು ಹೇಳುತ್ತಾರೆ. ಅಪಾಯದ ಸುಳಿವು ಸಿಕ್ಕಾಗ ತಾಯಿ ತಾಣ ಬದಲಿಸುವುದು ಸಹಜ. ಆ ನಡುವೆ ಒಂಟಿಯಾಗಿ ಕಂಡ ಮರಿಯನ್ನು ಅನಾಥವೆಂದು ಭಾವಿಸಿ ಕೂಡಲೇ ಎತ್ತಿಕೊಳ್ಳಬಾರದು. ಮರಿ ಬೆಚ್ಚಗಿದ್ದು ಶಾಂತವಾಗಿ ಮಲಗಿದ್ದರೆ ದೂರದಿಂದ ಕೆಲವು ಗಂಟೆ ಗಮನಿಸಬೇಕು. ಮೈ ತಣ್ಣಗಾಗಿದ್ದರೆ, ಗಾಯವಾಗಿದ್ದರೆ, ಎಡೆಬಿಡದೆ ಅರಚುತ್ತಿದ್ದರೆ ಮಾತ್ರ ತಡಮಾಡದೆ ಎತ್ತಿಕೊಳ್ಳಬೇಕು.

ಅಂತಹ ಮರಿಯನ್ನು ಬಟ್ಟೆಯಲ್ಲಿ ಸುತ್ತಿದ ಬಿಸಿನೀರಿನ ಬಾಟಲಿಯ ಪಕ್ಕದಲ್ಲಿಟ್ಟು ಬೆಚ್ಚಗಾಗಿಸಿ, ಬೆಕ್ಕಿನ ಮರಿಗಳಿಗೆಂದೇ ದೊರೆಯುವ ಹಾಲಿನ ಪುಡಿಯನ್ನು ಕಲಸಿ ಕುಡಿಸಬೇಕು. ಕುಡಿಸುವಾಗ ಮರಿ ಬೋರಲಾಗಿರಬೇಕು. ಅಂಗಾತ ಮಲಗಿಸಿದರೆ ಹಾಲು ಶ್ವಾಸಕೋಶಕ್ಕೆ ಹೋಗುವ ಭಯವಿದೆ. ಮೂರು ವಾರದವರೆಗೆ ಮರಿ ತಾನಾಗಿ ಮಲಮೂತ್ರ ವಿಸರ್ಜಿಸಲಾರದು. ತಾಯಿ ನೆಕ್ಕಿ ಮಾಡಿಸುವ ಆ ಕೆಲಸವನ್ನು ಪ್ರತಿ ಬಾರಿ ಹಾಲು ಕುಡಿಸಿದಾಗಲೂ ಒದ್ದೆ ಹತ್ತಿಯಿಂದ ಒರೆಸಿ ನಾವೇ ಮಾಡಿಸಬೇಕು.

ಚೆನ್ನಾಗಿ ಸಾಕಿದ ಬೆಕ್ಕು ಹದಿನೈದು ವರ್ಷ ಬಾಳುವುದು ಅಪರೂಪವಲ್ಲ. ಮರಿಯನ್ನು ತರಲು ಹೊರಟವರು ಇನ್ನು ನಾಲ್ಕು ವಾರ ಕಾದರೆ, ಆ ಹದಿನೈದು ವರ್ಷಗಳ ಆರೋಗ್ಯದ ಬಹುಭಾಗವನ್ನು ತಾಯಿಬೆಕ್ಕೇ ಸಿದ್ಧಪಡಿಸಿ ಕೊಡುತ್ತದೆ.