ನಿಲ್ಲಿಸದೆ ಮಾಡುವ ರಿಪೇರಿ: ಸ್ಟೋರೇಜ್ ಸ್ವಿಚ್ಚುಗಳ ಫರ್ಮ್‌ವೇರ್ ನಡೆದುಬಂದ ದಾರಿ

ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿಯಾಗಲಿ, ಟಿ. ನರಸೀಪುರ ತಾಲ್ಲೂಕಿನ ಮೂಗೂರಾಗಲಿ, ನಾಡಕಚೇರಿಯ ಸಾಲಿನಲ್ಲಿ ಪಹಣಿಗೆಂದು ನಿಂತವರಿಗೆ 'ಸರ್ವರ್ ಡೌನ್' ಎಂಬ ಮಾತು ಚೆನ್ನಾಗಿ ಗೊತ್ತು. ಆ ಮಾತು ಕಿವಿಗೆ ಬಿತ್ತೆಂದರೆ ಅವತ್ತಿನ ಕೂಲಿಯೂ ಹೋಯಿತು, ಬಸ್ ಚಾರ್ಜೂ ಹೋಯಿತು. ಬಹಳ ಸಲ ಕೆಟ್ಟಿರುವುದು ಹೋಬಳಿಯ ಇಂಟರ್‌ನೆಟ್ ಲೈನು, ಇಲ್ಲವೇ ತಂತ್ರಾಂಶ, ಇಲ್ಲವೇ ಕರೆಂಟು. ಅಪರೂಪಕ್ಕೊಮ್ಮೆ ತೊಂದರೆ ಇನ್ನೂ ಆಳದಲ್ಲಿರಬಹುದು: ದೂರದ ಡೇಟಾ ಸೆಂಟರ್‌ನಲ್ಲಿ ಸರ್ವರ್‌ಗಳಿಗೂ ಡಿಸ್ಕ್‌ಗಳಿಗೂ ನಡುವೆ ಕೂತಿರುವ ಸ್ಟೋರೇಜ್ ಸ್ವಿಚ್ಚಿನಲ್ಲಿ. ಒಂದು ಸರ್ವರ್ ಕೆಟ್ಟರೆ ಪಕ್ಕದ್ದು ಕೆಲಸ ಹಿಡಿದುಕೊಳ್ಳುತ್ತದೆ. ಈ ಸ್ವಿಚ್ಚು ತಪ್ಪಿದರೆ ಅದರ ಹಿಂದಿನ ಹತ್ತಾರು ಸರ್ವರ್‌ಗಳಿಗೆ ಒಂದೇ ಸಲಕ್ಕೆ ಡಿಸ್ಕ್ ಕಾಣದಾಗುತ್ತದೆ. ಆದ್ದರಿಂದ ಇಂಥ ಸ್ವಿಚ್ಚನ್ನು ನಿಲ್ಲಿಸದೆ ಸರಿಮಾಡುವುದು ಹೇಗೆ ಎಂಬುದನ್ನು ಎಂಜಿನಿಯರುಗಳು ಇಪ್ಪತ್ತೈದಕ್ಕೂ ಹೆಚ್ಚು ವರ್ಷಗಳಿಂದ ಕಲಿಯುತ್ತಲೇ ಬಂದಿದ್ದಾರೆ.

ನಮ್ಮ ರಾಜ್ಯದಲ್ಲಿ ಇದು ದೊಡ್ಡ ವಿಷಯವಾಗಲು ಕಾರಣ ಭೂಮಿ ಯೋಜನೆ. 2000ದ ಆಸುಪಾಸಿನವರೆಗೆ ಪಹಣಿಯೆಂದರೆ ಗ್ರಾಮಲೆಕ್ಕಿಗರ ಕೈಬರಹ. ಭೂಮಿ ಬಂದ ಮೇಲೆ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರ್ ಸೇರಿದವು. ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ 15 ರೂಪಾಯಿಗೆ ಪ್ರತಿ ಸಿಗತೊಡಗಿತು. ಮೊದಮೊದಲು ಆಯಾ ತಾಲ್ಲೂಕಿನ ದಾಖಲೆ ಆಯಾ ತಾಲ್ಲೂಕು ಕಚೇರಿಯ ಸರ್ವರ್‌ನಲ್ಲೇ ಇತ್ತು. ನಂಜನಗೂಡಿನ ಸರ್ವರ್ ಕೆಟ್ಟರೆ ತೊಂದರೆ ನಂಜನಗೂಡಿಗಷ್ಟೆ, ನರಸೀಪುರದವರ ಕೆಲಸ ನಡೆಯುತ್ತಿತ್ತು. ಆಮೇಲೆ ದಾಖಲೆಗಳೆಲ್ಲ ಬೆಂಗಳೂರಿನ ಡೇಟಾ ಸೆಂಟರ್‌ಗೆ ಹೋದವು. ಯಾವ ಊರಿನ ಪಹಣಿಯನ್ನಾದರೂ ಎಲ್ಲಿ ಕೂತಾದರೂ ತೆಗೆಯುವ ಅನುಕೂಲ ಬಂದದ್ದು ಹೀಗೆ. ಇದರ ಜತೆಗೇ, ಒಂದು ಕಡೆ ಆದ ತೊಂದರೆ ರಾಜ್ಯಕ್ಕೆಲ್ಲ ತಟ್ಟುವ ಸ್ಥಿತಿಯೂ ಬಂತು.

ಇಷ್ಟು ದೊಡ್ಡ ದಾಖಲೆಯನ್ನು ಯಾರೂ ಒಂದು ಸರ್ವರ್‌ನ ಹೊಟ್ಟೆಯೊಳಗೆ ಇಡುವುದಿಲ್ಲ. ಡಿಸ್ಕ್‌ಗಳದ್ದೇ ಬೇರೆ ಪೆಟ್ಟಿಗೆ, ಸರ್ವರ್‌ಗಳದ್ದೇ ಬೇರೆ ಸಾಲು. ಇವೆರಡನ್ನು ಜೋಡಿಸಲು ದೊಡ್ಡ ಡೇಟಾ ಸೆಂಟರ್‌ಗಳಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ ಫೈಬರ್ ಚಾನೆಲ್. ಅದರ ಮಾನದಂಡದ ಕೆಲಸ ಅಮೆರಿಕದಲ್ಲಿ 1988ರಲ್ಲಿ ಶುರುವಾಗಿ 1994ರಲ್ಲಿ ಒಪ್ಪಿಗೆ ಪಡೆಯಿತು. ಅದನ್ನು ರೂಪಿಸಿದವರ ಮುಂಚೂಣಿಯಲ್ಲಿದ್ದವರು ಕುಮಾರ್ ಮಳವಳ್ಳಿ. ನರಸೀಪುರದ ನೆರೆಯ ತಾಲ್ಲೂಕಿನ ಹೆಸರು ಹೊತ್ತ ಇವರು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವಿ ಪಡೆದದ್ದು ಮೈಸೂರು ವಿಶ್ವವಿದ್ಯಾನಿಲಯದಿಂದ. 1995ರಲ್ಲಿ ಸೇಥ್ ನೀಮನ್, ಪಾಲ್ ಬಾಂಡರ್ಸನ್ ಜತೆ ಸೇರಿ ಅವರು ಕಟ್ಟಿದ ಕಂಪನಿ ಬ್ರೊಕೇಡ್. 1997ರಲ್ಲಿ ಅದರ ಮೊದಲ ಸ್ವಿಚ್ 'ಸಿಲ್ಕ್‌ವರ್ಮ್' ಮಾರುಕಟ್ಟೆಗೆ ಬಂತು. ಮುಂದಿನ ಎರಡು ದಶಕ ಈ ಕ್ಷೇತ್ರದಲ್ಲಿ ಬ್ರೊಕೇಡ್ ಹಾಕಿದ್ದೇ ದಾರಿಯಾಯಿತು. ನಮ್ಮ ಕಡೆಯ ಕಾಲೇಜುಗಳಲ್ಲಿ ಮಳವಳ್ಳಿಯವರ ಹೆಸರನ್ನು ಹೇಳಿಕೊಡುವುದು ಕಡಿಮೆ, ಹೇಳಿಕೊಡಬೇಕು.

ಫರ್ಮ್‌ವೇರ್ ಎಂದರೇನು ಎಂಬುದಕ್ಕೆ ನಂಜನಗೂಡಿನಿಂದಲೇ ಉದಾಹರಣೆ ಕೊಡಬಹುದು. ಅಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಆಸ್ಟ್ರಿಯಾ ಮೂಲದ ಎಟಿ ಅಂಡ್ ಎಸ್ ಕಂಪನಿ ಸರ್ಕ್ಯೂಟ್ ಬೋರ್ಡುಗಳನ್ನು ತಯಾರಿಸುತ್ತದೆ. ಬೋರ್ಡು ಕಾರ್ಖಾನೆಯ ಬಾಗಿಲು ದಾಟಿದ ಮೇಲೆ ಅದರ ತಾಮ್ರದ ಗೆರೆಗಳನ್ನು ಯಾರೂ ಬದಲಿಸಲಾರರು. ಅದರ ಮೇಲೆ ಕೂರಿಸಿದ ಚಿಪ್ಪಿನ ರಚನೆಯನ್ನೂ ಬದಲಿಸಲಾಗದು. ಬದಲಿಸಲು ಸಾಧ್ಯವಿರುವುದು ಅದೇ ಬೋರ್ಡಿನ ಫ್ಲ್ಯಾಶ್ ಮೆಮೊರಿಯಲ್ಲಿ ಬರೆದಿಟ್ಟ ಸೂಚನೆಗಳನ್ನು ಮಾತ್ರ. ಅವೇ ಫರ್ಮ್‌ವೇರ್. ಚಿಪ್ಪಿನಲ್ಲೇ ಉಳಿದ ಲೋಪಕ್ಕೂ ಎಷ್ಟೋ ಸಲ ಇಲ್ಲಿಂದಲೇ ಮದ್ದು ಹುಡುಕಬೇಕಾಗುತ್ತದೆ.

ಮೊದಲ ಪೀಳಿಗೆಯ ಬ್ರೊಕೇಡ್ ಸ್ವಿಚ್ಚುಗಳ ಫ್ಯಾಬ್ರಿಕ್ ಓಎಸ್ ಎಂಬ ಫರ್ಮ್‌ವೇರ್ ನಡೆಯುತ್ತಿದ್ದದ್ದು ವಿಎಕ್ಸ್‌ವರ್ಕ್ಸ್ ಎಂಬ ಪುಟ್ಟ ಕಾರ್ಯಾಚರಣಾ ವ್ಯವಸ್ಥೆಯ ಮೇಲೆ. ಹೊಸ ಆವೃತ್ತಿ ಹಾಕಿದರೆ ರೀಬೂಟ್ ಮಾಡಬೇಕು. ರೀಬೂಟ್ ಎಂದರೆ ಆ ಸ್ವಿಚ್ಚಿನ ಎಲ್ಲ ಪೋರ್ಟುಗಳೂ ಸತ್ತಂತೆ. ಇದಕ್ಕೆ ಆಗ ಸಿಕ್ಕ ಪರಿಹಾರ ಸ್ವಿಚ್ಚಿನ ಒಳಗಿರಲಿಲ್ಲ, ಹೊರಗಿತ್ತು. ಪ್ರತಿ ಸರ್ವರ್‌ನಿಂದಲೂ ಪ್ರತಿ ಡಿಸ್ಕ್ ಪೆಟ್ಟಿಗೆಯಿಂದಲೂ ಎರಡೆರಡು ಕೇಬಲ್ ಎಳೆದು, ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಜಾಲ ಕಟ್ಟುವುದು: ಎ ಫ್ಯಾಬ್ರಿಕ್, ಬಿ ಫ್ಯಾಬ್ರಿಕ್. ಎ ಕಡೆ ರಿಪೇರಿ ನಡೆಯುವಾಗ ಬಿ ಕಡೆಯಿಂದ ಓದು-ಬರಹ ಸಾಗುತ್ತಿರುತ್ತದೆ. ಈ ಕ್ಷೇತ್ರದ ಅತಿ ಗಟ್ಟಿ ನಿರ್ಧಾರ ಇದೇ ಎಂದು ನನಗೆ ಅನಿಸುತ್ತದೆ. ಆಮೇಲೆ ಎಷ್ಟು ಜಾಣ ಫರ್ಮ್‌ವೇರ್ ಬಂದರೂ ಎರಡು ಫ್ಯಾಬ್ರಿಕ್ಕಿನ ಕಟ್ಟಳೆಯನ್ನು ಯಾರೂ ಕೈಬಿಟ್ಟಿಲ್ಲ.

2002ರಲ್ಲಿ ದೊಡ್ಡ ತಿರುವು ಬಂತು. ಬ್ರೊಕೇಡ್ ತನ್ನ ಸಿಲ್ಕ್‌ವರ್ಮ್ 12000 ಡೈರೆಕ್ಟರ್ (ಹಲವು ಕಾರ್ಡುಗಳ ದೊಡ್ಡ ಸ್ವಿಚ್) ಜತೆ ಫ್ಯಾಬ್ರಿಕ್ ಓಎಸ್ 4 ತಂದಿತು. ಇದು ನಡೆಯುತ್ತಿದ್ದದ್ದು ಲಿನಕ್ಸ್ ಮೇಲೆ. ಅದೇ ವರ್ಷ ಸಿಸ್ಕೊ ತನ್ನ ಎಂಡಿಎಸ್ 9000 ಸರಣಿಯೊಂದಿಗೆ ಕಣಕ್ಕಿಳಿಯಿತು. ಅದರ ಫರ್ಮ್‌ವೇರ್ ಸ್ಯಾನ್-ಓಎಸ್, 2008ರಿಂದ ಎನ್ಎಕ್ಸ್-ಓಎಸ್ ಎಂಬ ಹೆಸರಿನಲ್ಲಿ ಮುಂದುವರಿಯಿತು. ಎರಡೂ ಕಂಪನಿಗಳು ಪೈಪೋಟಿಗೆ ಬಿದ್ದು ಸಾಧಿಸಿದ್ದು ಒಂದೇ ಗುರಿಯನ್ನು: ಪೋರ್ಟುಗಳಲ್ಲಿ ದತ್ತಾಂಶ ಹರಿಯುತ್ತಿರುವಾಗಲೇ ಫರ್ಮ್‌ವೇರ್ ಬದಲಿಸುವುದು.

ಇದು ಸಾಧ್ಯವಾಗುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಸ್ವಿಚ್ಚಿನಲ್ಲಿ ಫ್ರೇಮುಗಳನ್ನು, ಅಂದರೆ ದತ್ತಾಂಶದ ತುಣುಕುಗಳನ್ನು, ಒಂದು ಪೋರ್ಟಿನಿಂದ ಇನ್ನೊಂದಕ್ಕೆ ದಾಟಿಸುವುದು ವಿಶೇಷ ಚಿಪ್; ಯಾರು ಯಾರ ಜತೆ ಮಾತಾಡಬಹುದೆಂದು ತೀರ್ಮಾನಿಸುವುದು ಪ್ರೊಸೆಸರ್. ದಾರಿ ಒಮ್ಮೆ ಚಿಪ್ಪಿಗೆ ಗೊತ್ತಾದರೆ ಪ್ರೊಸೆಸರ್ ಸ್ವಲ್ಪ ಹೊತ್ತು ಇಲ್ಲದಿದ್ದರೂ ಚಿಪ್ ಕೆಲಸ ನಿಲ್ಲಿಸುವುದಿಲ್ಲ. ಸ್ವಿಚ್ಚಿನ ಫ್ಲ್ಯಾಶ್‌ನಲ್ಲಿ ಎರಡು ಭಾಗಗಳಿರುತ್ತವೆ. ಎಂಜಿನಿಯರ್ 'ಫರ್ಮ್‌ವೇರ್‌ಡೌನ್‌ಲೋಡ್' ಆಜ್ಞೆ ಕೊಟ್ಟಾಗ ಹೊಸದು ಖಾಲಿ ಕೂತ ಭಾಗಕ್ಕೆ ಬರೆಯಲ್ಪಡುತ್ತದೆ, ನಡೆಯುತ್ತಿರುವುದನ್ನು ಮುಟ್ಟುವುದಿಲ್ಲ. ಬರೆದು ಮುಗಿದ ಮೇಲೆ ಪ್ರೊಸೆಸರ್ ಮಾತ್ರ ರೀಬೂಟ್ ಆಗಿ ಹೊಸ ಭಾಗದಿಂದ ಏಳುತ್ತದೆ. ಆ ಕೆಲವು ನಿಮಿಷ ಎಂಜಿನಿಯರ್‌ನ ಪರದೆ ಕಡಿದುಹೋಗಿರುತ್ತದೆ. ರ‍್ಯಾಕ್‌ನಲ್ಲಿ ಪೋರ್ಟಿನ ಹಸಿರು ದೀಪಗಳು ಮಿನುಗುತ್ತಲೇ ಇರುತ್ತವೆ. ಆ ಹೊತ್ತಿನಲ್ಲಿ ಹೊಸ ಸರ್ವರ್ ಒಂದು ಲಾಗಿನ್ ಆಗಲು ಬಂದರೆ ಅದನ್ನು ಕೇಳುವವರಿಲ್ಲ, ಹಳೆಯವರ ಮಾತು ಮಾತ್ರ ನಡೆಯುತ್ತದೆ. ಎದ್ದದ್ದು ಸರಿಯಾಗಿದೆ ಎಂದಾದ ಮೇಲೆ ಹೊಸದನ್ನು ಎರಡನೇ ಭಾಗಕ್ಕೂ ನಕಲು ಮಾಡಿ ಖಾಯಂ ಮಾಡಲಾಗುತ್ತದೆ. ದೊಡ್ಡ ಡೈರೆಕ್ಟರುಗಳಲ್ಲಿ ಪ್ರೊಸೆಸರ್ ಕಾರ್ಡುಗಳೇ ಎರಡಿರುತ್ತವೆ. ಬದಲಿ ಕಾರ್ಡು ಮೊದಲು ಹೊಸದಾಗಿ ಎದ್ದು ಹೊಣೆ ವಹಿಸಿಕೊಳ್ಳುತ್ತದೆ, ಆಮೇಲೆ ಹಳೆಯದರ ಸರದಿ.

ಎಲ್ಲಕ್ಕೂ ಈ ಸೌಲಭ್ಯ ಇರಲಿಲ್ಲ. ದೂರದ ಊರಿನ ಡೇಟಾ ಸೆಂಟರ್‌ಗೆ ಐಪಿ ಲೈನಿನ ಮೇಲೆ ಪ್ರತಿ ಕಳಿಸುವ ಟನೆಲ್‌ಗಳು ಅನೇಕ ಮಾದರಿಗಳಲ್ಲಿ ಅಪ್‌ಡೇಟ್ ವೇಳೆ ಕಡಿದುಹೋಗುತ್ತಿದ್ದವು. ಆವೃತ್ತಿಗಳ ಮೆಟ್ಟಿಲೂ ಇತ್ತು: ಬಹುಕಾಲ ಫ್ಯಾಬ್ರಿಕ್ ಓಎಸ್‌ನಲ್ಲಿ ಒಂದು ಆವೃತ್ತಿಯಿಂದ ಅದರ ಮುಂದಿನದಕ್ಕೆ ಮಾತ್ರ ಸಂಚಾರ ನಿಲ್ಲಿಸದೆ ಹೋಗಬಹುದಿತ್ತು. ನಾಲ್ಕಾರು ವರ್ಷ ಅಪ್‌ಡೇಟ್ ಮಾಡದೆ ಬಿಟ್ಟ ಸ್ವಿಚ್ಚನ್ನು ಇವತ್ತಿನ ಮಟ್ಟಕ್ಕೆ ತರಲು ಒಂದೊಂದೇ ಮೆಟ್ಟಿಲು ಹತ್ತಬೇಕು, ಪ್ರತಿ ಮೆಟ್ಟಿಲಿನಲ್ಲೂ ಮತ್ತೆ ಪರೀಕ್ಷೆ. 2007ರಲ್ಲಿ ಬ್ರೊಕೇಡ್ ತನ್ನ ಪ್ರತಿಸ್ಪರ್ಧಿ ಮ್ಯಾಕ್‌ಡೇಟಾವನ್ನು ಕೊಂಡಾಗ, ಎರಡು ಬೇರೆ ಫರ್ಮ್‌ವೇರ್ ಸಂಪ್ರದಾಯಗಳ ಸ್ವಿಚ್ಚುಗಳು ಒಂದೇ ಜಾಲದಲ್ಲಿ ಹೊಂದಿಕೊಂಡಿರುವಂತೆ ಮಾಡುವ ಭಾರವೂ ಸೇರಿಕೊಂಡಿತು.

ಇನ್ನು ದೋಷಗಳು. ಇವುಗಳಲ್ಲಿ ಬಲು ಸೂಕ್ಷ್ಮವಾದದ್ದು ಬಫರ್ ಕ್ರೆಡಿಟ್ ನಷ್ಟ. ಫೈಬರ್ ಚಾನೆಲ್‌ನಲ್ಲಿ ದಟ್ಟಣೆಯಾಯಿತೆಂದು ಫ್ರೇಮನ್ನು ಚೆಲ್ಲುವ ಪದ್ಧತಿ ಇಲ್ಲ. ಕಬಿನಿ ಕಾಲುವೆ ಬಯಲಿನಲ್ಲಿ ಕೆಳಗಿನ ಗದ್ದೆಯವರು 'ಬಿಡು' ಎಂದ ಮೇಲೆಯೇ ನೀರುಗಂಟಿ ಮಡೆ ತೆಗೆಯುವ ಹಾಗೆ, ಆಚೆ ಬದಿಯ ಪೋರ್ಟು ತನ್ನಲ್ಲಿ ಜಾಗವಿದೆ ಎಂದು ಹೇಳಿದರಷ್ಟೇ ಈಚೆ ಬದಿಯ ಪೋರ್ಟು ಫ್ರೇಮ್ ಕಳಿಸುತ್ತದೆ. ಹಾಗೆ ಹೇಳುವ ಪುಟ್ಟ ಸಂಕೇತವೇ ಕ್ರೆಡಿಟ್ ಮರಳಿಸುವ ಸಂಕೇತ. ಕೇಬಲ್‌ನಲ್ಲಿ ಒಂದು ಲಕ್ಷ ಕೋಟಿ ಬಿಟ್‌ಗೆ ಒಂದು ಬಿಟ್ ಕೆಡಬಹುದೆಂದು ಮಾನದಂಡವೇ ಒಪ್ಪಿಕೊಂಡಿದೆ. 8 ಗಿಗಾಬಿಟ್ ವೇಗದ ಲಿಂಕ್ ಸದಾ ತುಂಬಿ ಹರಿಯುತ್ತಿದ್ದರೆ ಎರಡು ನಿಮಿಷಕ್ಕೊಂದು ತಪ್ಪಿಗೆ ಅವಕಾಶವಿದೆ ಎಂದಾಯಿತು. ಕೆಟ್ಟ ಬಿಟ್ ಫ್ರೇಮಿನೊಳಗೆ ಬಿದ್ದರೆ ಚಿಂತೆಯಿಲ್ಲ, ಸರ್ವರ್ ಮತ್ತೆ ಕೇಳುತ್ತದೆ. ಅದು ಆ ಪುಟ್ಟ ಸಂಕೇತದ ಮೇಲೆ ಬಿದ್ದರೆ? ಒಂದು ಕ್ರೆಡಿಟ್ ಕಳೆದುಹೋಗುತ್ತದೆ, ತಾನಾಗಿ ಹಿಂದಿರುಗುವುದಿಲ್ಲ. ದಿನಗಳು, ವಾರಗಳು ಕಳೆದಂತೆ ಒಂದೊಂದೇ ಕಳೆದು ಲಿಂಕ್ ನಿಧಾನವಾಗುತ್ತದೆ, ಕೊನೆಗೆ ನಿಂತೇಬಿಡುತ್ತದೆ. ನೋಡಿದರೆ ದೀಪ ಹಸಿರು, ಪೋರ್ಟು ಆನ್‌ಲೈನ್, ಲಾಗ್‌ನಲ್ಲಿ ಏನೂ ಇಲ್ಲ. ಡಿಸ್ಕ್ ತಂಡ ನೆಟ್‌ವರ್ಕಿನವರನ್ನು ದೂರುತ್ತದೆ, ಅವರು ಸರ್ವರ್‌ನವರನ್ನು.

ಹೊರಗಿನ ಲಿಂಕ್ ಹೀಗೆ ಪೂರ್ತಿ ಬತ್ತಿದರೆ ಲಿಂಕ್ ರಿಸೆಟ್ ಆಗಿ ಕ್ರೆಡಿಟ್‌ಗಳು ಮತ್ತೆ ತುಂಬಿಕೊಳ್ಳುತ್ತವೆ. ಕಷ್ಟ ಬಂದದ್ದು ಡೈರೆಕ್ಟರುಗಳ ಒಳಗೆ, ಒಂದು ಕಾರ್ಡಿನ ಚಿಪ್ಪಿನಿಂದ ಇನ್ನೊಂದು ಕಾರ್ಡಿನ ಚಿಪ್ಪಿಗೆ ಹೋಗುವ, ಹೊರಗೆ ಕಾಣದ ಲಿಂಕ್‌ಗಳಲ್ಲಿ. ಒಂದು ಕಾರ್ಡು ಕೂರಿಸುವಾಗ ಸ್ವಲ್ಪ ಸಡಿಲವಾಗಿದ್ದರೂ ಸಾಕು, ಅಲ್ಲಿ ಕ್ರೆಡಿಟ್ ಸೋರತೊಡಗುತ್ತದೆ. ಹಳೆಯ ಫರ್ಮ್‌ವೇರ್‌ಗೆ ಇದು ತಿಳಿಯುತ್ತಲೇ ಇರಲಿಲ್ಲ. ಬರಬರುತ್ತಾ ಬ್ರೊಕೇಡ್ ಈ ಒಳಲಿಂಕ್‌ಗಳ ಕ್ರೆಡಿಟ್ ಲೆಕ್ಕ ಇಡಲು, ತಪ್ಪಿದಾಗ ತಾನೇ ಸರಿಪಡಿಸಲು 'ಕ್ರೆಡಿಟ್‌ರಿಕವ್‌ಮೋಡ್' ಎಂಬ ಸೌಲಭ್ಯ ಸೇರಿಸಿತು. ದೋಷ ಕಂಡಾಗ ಪ್ಯಾಚ್ ಹಾಕುವ ಹಂತದಿಂದ, ದೋಷ ಬರುವುದು ಸಹಜ ಎಂದು ಒಪ್ಪಿಕೊಂಡು ಸ್ವಿಚ್ಚೇ ಅದನ್ನು ಗುರುತಿಸುವ ಹಂತಕ್ಕೆ ಫರ್ಮ್‌ವೇರ್ ಬಂದದ್ದು ಇಲ್ಲಿ. ಹೊಸ ವೇಗದ ದಾಖಲೆಗಳಿಗಿಂತ ಇದನ್ನೇ ನಾನು ದೊಡ್ಡ ಬೆಳವಣಿಗೆ ಎನ್ನುತ್ತೇನೆ. ವೇಗ ಮಾತ್ರ 2001ರ 2 ಗಿಗಾಬಿಟ್‌ನಿಂದ 2020ರ 64 ಗಿಗಾಬಿಟ್‌ವರೆಗೆ ಏರುತ್ತಲೇ ಹೋಯಿತು.

ಇನ್ನೊಂದು ಬಗೆ ಕಾಲದ ಎಣಿಕೆಯ ದೋಷ. ಸೆಕೆಂಡಿನ ನೂರನೇ ಒಂದು ಭಾಗಕ್ಕೆ ಒಂದರಂತೆ 32 ಬಿಟ್‌ನ ಪೆಟ್ಟಿಗೆಯಲ್ಲಿ ಎಣಿಸುತ್ತಾ ಹೋದರೆ ಸುಮಾರು 497 ದಿನಕ್ಕೆ ಪೆಟ್ಟಿಗೆ ತುಂಬಿ ಎಣಿಕೆ ಸೊನ್ನೆಗೆ ಬರುತ್ತದೆ. ಅದನ್ನು ನಿರೀಕ್ಷಿಸದೆ ಬರೆದ ಫರ್ಮ್‌ವೇರ್ ಆವತ್ತು ತಬ್ಬಿಬ್ಬಾಗುತ್ತದೆ. ಈ ಜಾತಿಯ ದೋಷ ಎಷ್ಟು ಕ್ರೂರವಾಗಿರಬಲ್ಲದು ಎಂಬುದನ್ನು ಡಿಸ್ಕ್‌ಗಳ ಲೋಕ 2019ರ ನವೆಂಬರಿನಲ್ಲಿ ತೋರಿಸಿತು. ತನ್ನ ಕೆಲವು ಎಸ್ಎಸ್‌ಡಿ ಮಾದರಿಗಳು 32,768 ಗಂಟೆ ನಡೆದ ಮೇಲೆ, ಅಂದರೆ 3 ವರ್ಷ 270 ದಿನ 8 ಗಂಟೆಗೆ ಕೆಟ್ಟುನಿಲ್ಲುತ್ತವೆ, ಒಳಗಿನ ದತ್ತಾಂಶವೂ ಮರಳಿ ಸಿಗುವುದಿಲ್ಲ ಎಂದು ಎಚ್‌ಪಿಇ ಎಚ್ಚರಿಸಿ ಹೊಸ ಫರ್ಮ್‌ವೇರ್ ಬಿಟ್ಟಿತು. ಒಂದೇ ದಿನ ಚಾಲೂ ಮಾಡಿದ ಡಿಸ್ಕ್‌ಗಳು ಒಂದೇ ಹೊತ್ತಿಗೆ ಸಾಯುತ್ತವೆ ಎಂದರೆ ಜೋಡಿ ಪ್ರತಿ ಇಟ್ಟುಕೊಂಡೂ ಉಪಯೋಗವಿಲ್ಲ. ಎ ಮತ್ತು ಬಿ ಫ್ಯಾಬ್ರಿಕ್‌ನ ಸ್ವಿಚ್ಚುಗಳನ್ನು ಒಂದೇ ರಾತ್ರಿ ರೀಬೂಟ್ ಮಾಡಬಾರದು ಎಂಬ ಹಳಬರ ಮಾತಿಗೆ ಇದೂ ಒಂದು ಕಾರಣ.

ಕಳೆದ ಹತ್ತು ವರ್ಷಗಳಲ್ಲಿ ಭದ್ರತೆ ಮುಂದೆ ಬಂದಿದೆ. ಲಿನಕ್ಸ್ ಬಂದಾಗ ಅದರ ಸೌಕರ್ಯದ ಜತೆ ಅದರ ಲೋಪಗಳೂ ಸ್ವಿಚ್ಚಿನೊಳಗೆ ಬಂದವು; 2014ರ ಶೆಲ್‌ಶಾಕ್ ಅಂಥದ್ದು. 2017ರಲ್ಲಿ ಬ್ರೊಕೇಡ್ ಬ್ರಾಡ್‌ಕಾಮ್ ಕೈಗೆ ಹೋಯಿತು. ಫ್ಯಾಬ್ರಿಕ್ ಓಎಸ್ 9.1ರಿಂದ ರೂಟ್ ಖಾತೆಗೆ ನೇರ ಪ್ರವೇಶವನ್ನೇ ತೆಗೆದುಹಾಕಲಾಯಿತು. ಆದರೂ ಐಪಿ ವಿಳಾಸ ಪರೀಕ್ಷಿಸುವ ಕಡೆ ಉಳಿದ ಲೋಪದಿಂದ, ಅಡ್ಮಿನ್ ಅಧಿಕಾರವುಳ್ಳವರು ರೂಟ್ ಮಟ್ಟದಲ್ಲಿ ತಮಗೆ ಬೇಕಾದ ಕೋಡ್ ನಡೆಸಬಹುದಿತ್ತು. ಸಿವಿಇ-2025-1976 ಎಂಬ ಸಂಖ್ಯೆಯ ಈ ಲೋಪಕ್ಕೆ 9.1.1ಡಿ7ರಲ್ಲಿ ಪರಿಹಾರ ಬಂತು. ದುರ್ಬಳಕೆ ನಡೆದಿರುವ ಲೋಪಗಳ ಪಟ್ಟಿಗೆ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಇದನ್ನು 2025ರ ಏಪ್ರಿಲ್‌ನಲ್ಲಿ ಸೇರಿಸಿತು. ಸ್ಟೋರೇಜ್ ಸ್ವಿಚ್ ಒಳಗಿನ ಕೋಣೆಯಲ್ಲಿದೆ, ಯಾರು ಮುಟ್ಟುತ್ತಾರೆ ಎಂಬ ನಂಬಿಕೆ ಇನ್ನು ನಡೆಯುವುದಿಲ್ಲ.

ಹಾಗಿದ್ದರೂ ನಮ್ಮ ಕಡೆಯ ದೊಡ್ಡ ತೊಡಕು ಪರಿಹಾರ ಇಲ್ಲದಿರುವುದಲ್ಲ, ಬಂದ ಪರಿಹಾರವನ್ನು ಹಾಕದಿರುವುದು. 16 ಗಿಗಾಬಿಟ್ ಪೀಳಿಗೆಯ ಬ್ರೊಕೇಡ್ ಸ್ವಿಚ್ಚುಗಳಿಗೆ 8.2ರ ಸರಣಿಯೇ ಕೊನೆ. 9ರ ಸರಣಿ ಅವುಗಳ ಮೇಲೆ ನಡೆಯುವುದಿಲ್ಲ. ಫರ್ಮ್‌ವೇರ್ ಇಳಿಸಿಕೊಳ್ಳಲು ಚಾಲ್ತಿಯಲ್ಲಿರುವ ಬೆಂಬಲ ಒಪ್ಪಂದ ಬೇಕು. ಟೆಂಡರ್‌ನಲ್ಲಿ ಪೆಟ್ಟಿಗೆಯ ಬೆಲೆಗೆ ಸಿಗುವ ಗಮನ, ಐದನೇ ವರ್ಷದ ಬೆಂಬಲ ಶುಲ್ಕಕ್ಕೆ ಸಿಗುವುದಿಲ್ಲ. 'ನಡೀತಾ ಇದೆಯಲ್ಲ, ಯಾಕೆ ಮುಟ್ಟಬೇಕು' ಎನ್ನುವವರ ಭಯವೂ ನನಗೆ ಅರ್ಥವಾಗುತ್ತದೆ: ಮುಟ್ಟಿ ಕೆಟ್ಟರೆ ಮುಟ್ಟಿದವನ ತಲೆಗೆ, ಮುಟ್ಟದೆ ಕೆಟ್ಟರೆ ಯಂತ್ರದ ತಲೆಗೆ. ಈ ಭಯ ಕಳೆಯಬೇಕಾದರೆ ಕೆಲಸದ ಕ್ರಮ ಗಟ್ಟಿಯಾಗಬೇಕು. ರಿಲೀಸ್ ನೋಟ್ಸ್ ಪೂರ್ತಿ ಓದುವುದು, ಕಾನ್ಫಿಗರೇಷನ್ ಪ್ರತಿ ಹೊರಗೆ ತೆಗೆದಿಡುವುದು, ಪ್ರತಿ ಸರ್ವರ್‌ಗೂ ಎರಡೂ ದಾರಿಯಿಂದ ಡಿಸ್ಕ್ ಕಾಣುತ್ತಿದೆಯೇ ಎಂದು ಮೊದಲೇ ಖಾತ್ರಿ ಮಾಡಿಕೊಳ್ಳುವುದು. ಅಪ್‌ಡೇಟ್ ವೇಳೆ ಆಗುವ ಅವಘಡಗಳಲ್ಲಿ ಬಹಳಷ್ಟಕ್ಕೆ ಫರ್ಮ್‌ವೇರ್ ಕಾರಣವಲ್ಲ. ಬಿ ದಾರಿ ಎಂದೋ ಸತ್ತಿರುತ್ತದೆ, ಯಾರೂ ನೋಡಿರುವುದಿಲ್ಲ. ಎ ಕಡೆ ಮುಟ್ಟಿದ ದಿನ ಅದು ಬಯಲಾಗುತ್ತದೆ. ಎ ಕಡೆ ಮುಗಿದ ಮೇಲೆ ಕೆಲವು ದಿನ ಕಾದು ಬಿ ಕಡೆ ಹೋಗುವುದು ಕ್ಷೇಮ. ಹೊತ್ತನ್ನೂ ನೋಡಿ ಆರಿಸಬೇಕು. ಬಿತ್ತನೆಗೆ ಮುಂಚೆ ಬೆಳೆ ಸಾಲಕ್ಕಾಗಿ ಪಹಣಿಗೆ ನೂಕುನುಗ್ಗಲು ಇರುವ ವಾರಗಳು ಇದಕ್ಕೆ ಸಲ್ಲವು.

ಸ್ವಿಚ್ಚುಗಳ ಮೇಲಿನ ಭಾರ ಇನ್ನೂ ಏರಲಿದೆ. ಭೂ ಸುರಕ್ಷಾ ಯೋಜನೆಯಲ್ಲಿ 2024ರಿಂದ ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮಿನ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಲಾಗುತ್ತಿದೆ. ಪಹಣಿಯ ಅಂಕಿ-ಅಕ್ಷರಗಳು ಹಿಡಿಯುವ ಜಾಗಕ್ಕೂ ಪುಟಗಳ ಚಿತ್ರ ಹಿಡಿಯುವ ಜಾಗಕ್ಕೂ ಹೋಲಿಕೆಯೇ ಇಲ್ಲ. ಇದಕ್ಕಾಗಿ ಹೊಸ ಡಿಸ್ಕ್, ಹೊಸ ಸ್ವಿಚ್ ಕೊಳ್ಳುವಾಗ ಆ ಸ್ವಿಚ್ಚಿಗೆ ಎಷ್ಟು ವರ್ಷದವರೆಗೆ ಫರ್ಮ್‌ವೇರ್ ಬರುತ್ತದೆ, ಅದನ್ನು ಹಾಕುವ ಹೊಣೆ ಯಾರದು ಎಂಬ ಎರಡು ಸಾಲುಗಳು ಖರೀದಿ ಪತ್ರದಲ್ಲೇ ಇರಬೇಕು.