ಗರ್ಭಿಣಿಯರ ಆರೋಗ್ಯದ ಮೇಲೆ ಕೊರೊನಾ ಸೋಂಕಿನ ಪರಿಣಾಮ: ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗದ ಸಾರ್ವಜನಿಕರಿಗೆ ಮಾಹಿತಿ

ವಿಜಯಪುರ ಜಿಲ್ಲೆಯ ಇಂಡಿ ಹಾಗೂ ಸಿಂದಗಿ ಭಾಗಗಳು ಭೀಮಾ ನದಿಯ ಕಡೆಗೂ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ಭಾಗಗಳು ಕೃಷ್ಣಾ ನದಿಯ ಕಡೆಗೂ ಹರಡಿಕೊಂಡಿವೆ. ಇವುಗಳಿಂದ ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಎಂಬ ಹೊಸ ತಾಲ್ಲೂಕುಗಳು ನಂತರ ರಚನೆಯಾಗಿದ್ದರೂ, ಹೆರಿಗೆಗಾಗಿ ಜನರು ಹಳೆಯ ತಾಲ್ಲೂಕು ಕೇಂದ್ರಗಳ ಆಸ್ಪತ್ರೆಗಳನ್ನು ಅವಲಂಬಿಸುವುದು ರೂಢಿಯಲ್ಲಿದೆ. ಮಳೆಯಾಶ್ರಿತ ಬೇಸಾಯದ ಈ ಪ್ರದೇಶದಿಂದ ಸೊಲ್ಲಾಪುರ, ಪುಣೆ, ಮುಂಬೈ, ಗೋವಾ ಹಾಗೂ ಬೆಂಗಳೂರಿಗೆ ದುಡಿಯಲು ಗುಳೆ ಹೋಗುವ ಕುಟುಂಬಗಳು ಬಹಳ. ಈ ಎರಡು ಸಂಗತಿಗಳನ್ನು, ಅಂದರೆ ಆಸ್ಪತ್ರೆಯ ದೂರ ಮತ್ತು ಜನರ ಗುಳೆಯನ್ನು, ಗಮನದಲ್ಲಿರಿಸಿಕೊಂಡು ಕೆಳಗಿನ ಮಾಹಿತಿಯನ್ನು ಓದತಕ್ಕದ್ದು.

ಹಿನ್ನೆಲೆ

ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್-19 ರೋಗವನ್ನು 2020ರ ಮಾರ್ಚ್ 11ರಂದು ಜಾಗತಿಕ ಮಹಾಮಾರಿ ಎಂದು ಬಣ್ಣಿಸಿತು. ಮಾರ್ಚ್ 25ರಿಂದ ದೇಶಾದ್ಯಂತ ಲಾಕ್‌ಡೌನ್ ಜಾರಿಗೆ ಬಂದಿತು. ವಿಜಯಪುರ ಜಿಲ್ಲೆಯಲ್ಲಿ ಸೋಂಕು 2020ರ ಏಪ್ರಿಲ್‌ನಲ್ಲಿ ಕಾಣಿಸಿಕೊಂಡಿತು. ಮೇ ತಿಂಗಳಿನಿಂದ ಮಹಾರಾಷ್ಟ್ರದಿಂದ ಮರಳಿದ ಕಾರ್ಮಿಕ ಕುಟುಂಬಗಳಲ್ಲಿ ಪ್ರಕರಣಗಳು ಹೆಚ್ಚಿದವು. ಸೋಂಕು ಹೆಚ್ಚಿದ್ದ ಸ್ಥಳಗಳಲ್ಲಿ ವಾಸಿಸುವ ಅಥವಾ ಅಲ್ಲಿಂದ ಬಂದಿರುವ, ಹೆರಿಗೆ ಸಮೀಪಿಸಿದ ಗರ್ಭಿಣಿಯರಿಗೆ ರೋಗಲಕ್ಷಣಗಳಿಲ್ಲದಿದ್ದರೂ ಪರೀಕ್ಷೆ ಮಾಡಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರ ಏಪ್ರಿಲ್‌ನಲ್ಲಿ ಸೂಚಿಸಿತ್ತು. ಪರೀಕ್ಷೆ ಆಗಿಲ್ಲವೆಂಬ ಕಾರಣದಿಂದ ಹೆರಿಗೆಯಂತಹ ತುರ್ತು ಚಿಕಿತ್ಸೆಯನ್ನು ತಡೆಹಿಡಿಯಬಾರದೆಂಬುದೂ ಮಂಡಳಿಯ ನಿಲುವಾಗಿತ್ತು. ಈ ಎರಡನೆಯ ಮಾತು ಮೊದಲನೆಯದರಷ್ಟು ಜನರಿಗೆ ತಲುಪಲಿಲ್ಲ.

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆಯು ತುರ್ತು ಪರಿಸ್ಥಿತಿಯನ್ನು ಹಿಂತೆಗೆದುಕೊಂಡಿದೆ. ಆದರೆ ವೈರಾಣು ಮಾಯವಾಗಿಲ್ಲ. 2025ರ ಮೇ-ಜೂನ್‌ನಲ್ಲಿಯೂ ರಾಜ್ಯದಲ್ಲಿ ಪ್ರಕರಣಗಳು ಕೆಲಕಾಲ ಏರಿದ್ದವು.

ಗರ್ಭಿಣಿಯರಲ್ಲಿ ಸೋಂಕು ತೀವ್ರಗೊಳ್ಳಲು ಕಾರಣ

ಗರ್ಭಿಣಿಗೆ ಸೋಂಕು ಇತರರಿಗಿಂತ ಸುಲಭವಾಗಿ ತಗಲುತ್ತದೆ ಎಂಬುದಕ್ಕೆ ಆಧಾರವಿಲ್ಲ. ತಗಲಿದ ಮೇಲೆ ರೋಗವು ಬಲಿಯುವ ಸಾಧ್ಯತೆ ಹೆಚ್ಚು ಎಂಬುದು ದೃಢಪಟ್ಟಿದೆ. ಗರ್ಭ ಬೆಳೆದಂತೆ ಗರ್ಭಕೋಶವು ವಪೆಯನ್ನು ಸುಮಾರು 4 ಸೆಂಟಿಮೀಟರ್ ಮೇಲಕ್ಕೆ ತಳ್ಳುತ್ತದೆ. ಇದರಿಂದ ಶ್ವಾಸಕೋಶದಲ್ಲಿ ಉಳಿಯುವ ಗಾಳಿಯ ಸಂಗ್ರಹ ಕಡಿಮೆಯಾಗುತ್ತದೆ. ಅದೇ ವೇಳೆಗೆ ತಾಯಿ-ಮಗು ಇಬ್ಬರಿಗಾಗಿ ಆಮ್ಲಜನಕದ ಅಗತ್ಯ ಏರಿರುತ್ತದೆ ಮತ್ತು ಹೃದಯವು ಪ್ರತಿ ನಿಮಿಷಕ್ಕೆ ಶೇ. 30ರಿಂದ 50ರಷ್ಟು ಹೆಚ್ಚು ರಕ್ತವನ್ನು ಪಂಪು ಮಾಡುತ್ತಿರುತ್ತದೆ. ಹೆರಿಗೆಯ ರಕ್ತಸ್ರಾವವನ್ನು ತಡೆಯಲು ಪ್ರಕೃತಿಯೇ ಗರ್ಭಿಣಿಯ ರಕ್ತವು ಬೇಗ ಹೆಪ್ಪುಗಟ್ಟುವಂತೆ ಮಾಡಿದೆ. ಕೋವಿಡ್ ಕೂಡ ಹೆಪ್ಪುಗಟ್ಟುವಿಕೆಯನ್ನು ಹೆಚ್ಚಿಸುವ ರೋಗ. ಹೀಗೆ ಆರೋಗ್ಯವಂತ ಗರ್ಭಿಣಿಯಲ್ಲಿಯೂ ನ್ಯೂಮೋನಿಯಾವನ್ನು ತಾಳಿಕೊಳ್ಳುವ ಶಕ್ತಿ ಕಡಿಮೆ ಇರುತ್ತದೆ.

ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 2020ರ ನವೆಂಬರ್‌ನಲ್ಲಿ ಪ್ರಕಟಿಸಿದ ಅಂಕಿಅಂಶಗಳಂತೆ, ರೋಗಲಕ್ಷಣವಿದ್ದ ಪ್ರತಿ 1000 ಗರ್ಭಿಣಿಯರಲ್ಲಿ 10.5 ಮಂದಿಗೆ ತೀವ್ರ ನಿಗಾ ಘಟಕದ ಚಿಕಿತ್ಸೆ ಬೇಕಾಯಿತು. ಗರ್ಭಿಣಿಯರಲ್ಲದವರಲ್ಲಿ ಈ ಸಂಖ್ಯೆ 3.9 ಮಾತ್ರ. ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಗರ್ಭಿಣಿಯರು ಹಾಗೂ ಬಾಣಂತಿಯರ ಮೊದಲ ಮತ್ತು ಎರಡನೆಯ ಅಲೆಗಳ ಪ್ರಕರಣಗಳನ್ನು ಹೋಲಿಸಿ 2021ರಲ್ಲಿ ಪ್ರಕಟಿಸಿತು. ರೋಗಲಕ್ಷಣಗಳುಳ್ಳವರ ಪ್ರಮಾಣ ಶೇ. 14.2ರಿಂದ 28.7ಕ್ಕೂ, ಮರಣ ಪ್ರಮಾಣ ಶೇ. 0.7ರಿಂದ 5.7ಕ್ಕೂ ಏರಿತ್ತು. ಇವು ಆಸ್ಪತ್ರೆಗೆ ದಾಖಲಾದವರ ಅಂಕಿಗಳೇ ಹೊರತು ಸೋಂಕಿತರೆಲ್ಲರವಲ್ಲ. ಓದಿ ಎದೆಗುಂದುವ ಅಗತ್ಯವಿಲ್ಲ. 2021ರ ಕೊನೆಯಿಂದ ಹರಡಿದ ಓಮಿಕ್ರಾನ್ ತಳಿಗಳಲ್ಲಿ, ಲಸಿಕೆ ಮತ್ತು ಹಿಂದಿನ ಸೋಂಕಿನ ರಕ್ಷಣೆಯೂ ಸೇರಿ, ತೀವ್ರತೆ ಗಣನೀಯವಾಗಿ ಇಳಿದಿದೆ.

ರಕ್ತಹೀನತೆ, ಅಧಿಕ ರಕ್ತದೊತ್ತಡ, ಮಧುಮೇಹ, ಬೊಜ್ಜು ಹಾಗೂ ಹೆಚ್ಚಿನ ವಯಸ್ಸು ಇರುವ ಗರ್ಭಿಣಿಯರ ಬಗ್ಗೆ ವಿಶೇಷ ನಿಗಾ ವಹಿಸಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಗರ್ಭಿಣಿಯರಲ್ಲಿ ಶೇ. 45.7ರಷ್ಟು ಮಂದಿ ರಕ್ತಹೀನತೆಯುಳ್ಳವರು. ಆಮ್ಲಜನಕವನ್ನು ಹೊತ್ತೊಯ್ಯುವ ಹಿಮೋಗ್ಲೋಬಿನ್ ಮೊದಲೇ ಕಡಿಮೆ ಇದ್ದಲ್ಲಿ, ಶ್ವಾಸಕೋಶದ ಅಲ್ಪ ತೊಂದರೆಯೂ ದೊಡ್ಡದಾಗುತ್ತದೆ. ಆದುದರಿಂದ ಈ ಭಾಗದಲ್ಲಿ ಕಬ್ಬಿಣಾಂಶದ ಗುಳಿಗೆಯನ್ನು ತಪ್ಪದೇ ಸೇವಿಸುವುದೂ ಕೊರೊನಾ ವಿರುದ್ಧದ ಒಂದು ಮುನ್ನೆಚ್ಚರಿಕೆಯೇ ಆಗಿದೆ.

ಗರ್ಭ ಮತ್ತು ಶಿಶುವಿನ ಮೇಲಿನ ಪರಿಣಾಮ

ಸೋಂಕಿತ ಗರ್ಭಿಣಿಯರಲ್ಲಿ ಅವಧಿಪೂರ್ವ ಹೆರಿಗೆ ಮತ್ತು ಗರ್ಭನಂಜು (ರಕ್ತದೊತ್ತಡ ಏರಿ ಮೂತ್ರದಲ್ಲಿ ಪ್ರೋಟೀನ್ ಹೋಗುವ ಸ್ಥಿತಿ) ಹೆಚ್ಚಾಗಿ ಕಂಡುಬಂದಿವೆ. 18 ದೇಶಗಳ 2130 ಮಹಿಳೆಯರನ್ನೊಳಗೊಂಡು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗರ್ಭನಂಜಿನ ಸಂಭವ ಸೋಂಕಿತರಲ್ಲಿ 1.76 ಪಟ್ಟು ಇತ್ತು. ಮಾಸು ಅಂದರೆ ಸತ್ತೆಗೆ ವೈರಾಣುವಿನಿಂದ ಉರಿಯೂತವಾದಲ್ಲಿ ಮಗುವಿಗೆ ರಕ್ತ ಪೂರೈಕೆ ಕುಂದುತ್ತದೆ. ಅಮೆರಿಕದ ಹೆರಿಗೆ ದಾಖಲೆಗಳಲ್ಲಿ ನಿರ್ಜೀವ ಜನನವು ಸೋಂಕಿತರಲ್ಲಿ ಶೇ. 1.26, ಇತರರಲ್ಲಿ ಶೇ. 0.64 ಇದ್ದು, ಡೆಲ್ಟಾ ತಳಿಯ ಅವಧಿಯಲ್ಲಿ ಸೋಂಕಿತರಲ್ಲಿ ಶೇ. 2.70ಕ್ಕೆ ತಲುಪಿತ್ತು. ಆದುದರಿಂದ ಜ್ವರ ಇಳಿದ ಮೇಲೆಯೂ ಮಗುವಿನ ಅಲುಗಾಟವನ್ನು ಗಮನಿಸುತ್ತಿರಬೇಕು. ಅದು ಎಂದಿಗಿಂತ ಕಡಿಮೆ ಎನಿಸಿದರೆ ಮರುದಿನದವರೆಗೆ ಕಾಯಬಾರದು.

ಸೋಂಕಿನಿಂದ ಮಗುವಿಗೆ ಅಂಗವೈಕಲ್ಯ ಉಂಟಾಗುತ್ತದೆ ಎಂಬುದು ಸಾಬೀತಾಗಿಲ್ಲ. ತಾಯಿಯಿಂದ ಮಗುವಿಗೆ ಸೋಂಕು ತಗಲುವ ಸಂಭವ ಶೇ. 2ರ ಆಸುಪಾಸಿನಲ್ಲಿದೆ. ಸೋಂಕಿದೆ ಎಂಬ ಒಂದೇ ಕಾರಣಕ್ಕೆ ಶಸ್ತ್ರಚಿಕಿತ್ಸೆಯ ಹೆರಿಗೆ ಬೇಕಾಗುವುದಿಲ್ಲ, ಗರ್ಭಪಾತವಂತೂ ಬೇಡವೇ ಬೇಡ.

ತಪ್ಪಿದ ತಪಾಸಣೆಗಳು

ವೈರಾಣುವಿನಿಂದಾದ ಹಾನಿಯ ಜೊತೆಗೆ ಭಯದಿಂದಾದ ಹಾನಿಯನ್ನೂ ಇಲ್ಲಿ ಹೇಳಬೇಕಾಗಿದೆ. ಲಾಕ್‌ಡೌನ್ ಅವಧಿಯಲ್ಲಿ ಬಸ್ಸು ಸಂಚಾರ ನಿಂತಿತ್ತು, ಆಸ್ಪತ್ರೆಗೆ ಹೋದರೆ ರೋಗ ಹತ್ತುತ್ತದೆ ಎಂಬ ಅಂಜಿಕೆಯೂ ಇತ್ತು. ರಕ್ತದೊತ್ತಡ ನೋಡದೆ ಕಳೆದ ಎರಡು ತಿಂಗಳು ಗರ್ಭನಂಜಿಗೆ ಸಾಕು. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ಪದ್ಧತಿಯಿಂದ, ಗಂಡನ ಊರಿನ ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ಹೆಸರಿದ್ದರೂ ತವರೂರಿನ ಪಟ್ಟಿಯಲ್ಲಿ ಹೆಸರಿಲ್ಲದಿರುವುದು ಸಹಜ. ಗುಳೆಯಿಂದ ಮರಳಿದವರ ಸ್ಥಿತಿಯೂ ಇದೇ. ಇಂತಹವರು ಊರು ತಲುಪಿದ ವಾರದೊಳಗೆ ತಾಯಿ ಕಾರ್ಡ್‌ನೊಂದಿಗೆ ಆ ಊರಿನ ಆಶಾ ಕಾರ್ಯಕರ್ತೆಯನ್ನು ಕಾಣುವುದು ಒಳಿತು. ಪ್ರತಿ ತಿಂಗಳ 9ರಂದು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಸರ್ಕಾರಿ ಆರೋಗ್ಯ ಸಂಸ್ಥೆಗಳಲ್ಲಿ ಗರ್ಭಿಣಿಯರ ಉಚಿತ ತಪಾಸಣೆ ನಡೆಸಲಾಗುತ್ತದೆ.

ಸೋಂಕು ತಗಲಿದಾಗ

ಜ್ವರ, ಕೆಮ್ಮು, ಗಂಟಲು ನೋವು ಇದ್ದಲ್ಲಿ ವೈದ್ಯರ ಸಲಹೆಯಂತೆ ಪ್ಯಾರಾಸಿಟಮಾಲ್ ಬಳಸಬಹುದು. ಔಷಧಿ ಅಂಗಡಿಯಲ್ಲಿ ಕೇಳಿ ತಂದ ಇತರ ನೋವಿನ ಗುಳಿಗೆಗಳನ್ನು, ಮುಖ್ಯವಾಗಿ ಐಬುಪ್ರೊಫೆನ್ ಅನ್ನು 20 ವಾರಗಳ ನಂತರ, ಸೇವಿಸಬಾರದು. ಆಕ್ಸಿಮೀಟರಿನಲ್ಲಿ ಪ್ರಮಾಣ 95ಕ್ಕಿಂತ ಕೆಳಗಿಳಿದರೆ, ಮಾತನಾಡುವಾಗ ಏದುಸಿರು ಬಂದರೆ, ಎದೆನೋವು, ತಡೆಯಲಾರದ ತಲೆನೋವು, ಕಣ್ಣು ಮಂಜಾಗುವಿಕೆ, ರಕ್ತಸ್ರಾವ, ಒಂದು ಕಾಲಿನಲ್ಲಿ ಮಾತ್ರ ಊತ ಇವುಗಳಲ್ಲಿ ಯಾವುದಾದರೂ ಕಂಡರೆ ತಕ್ಷಣ ಆಸ್ಪತ್ರೆಗೆ ಹೊರಡಬೇಕು. ಮಲಗುವಾಗ ಎಡಮಗ್ಗುಲಾಗುವುದು ಉತ್ತಮ.

ಸೋಂಕಿತ ತಾಯಿಯು ಕೈ ತೊಳೆದು, ಮುಖಗವಸು ಧರಿಸಿ ಮಗುವಿಗೆ ಹಾಲುಣಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಇದೇ ಆಗಿದೆ. ತಾಯಿಯನ್ನೂ ಮಗುವನ್ನೂ ಅಗಲಿಸುವುದರಿಂದ ಆಗುವ ನಷ್ಟವೇ ಹೆಚ್ಚು. ಬಾಣಂತಿಯ ಹೊರಸಿನ ಕೆಳಗೆ ಕೆಂಡವಿಟ್ಟು ಕಾಯಿಸುವ ಮನೆಗಳಲ್ಲಿ, ಕೆಮ್ಮು ಅಥವಾ ಉಸಿರಾಟದ ತೊಂದರೆ ಇರುವಷ್ಟು ದಿನ ಆ ಪದ್ಧತಿಯನ್ನು ಬಿಡಬೇಕು. ಮುಚ್ಚಿದ ಕೋಣೆಯ ಹೊಗೆಯು ತಾಯಿ-ಮಗು ಇಬ್ಬರ ಶ್ವಾಸಕೋಶಕ್ಕೂ ಹಾನಿಕರ. ಹಿರಿಯರಿಗೆ ಇದು ರುಚಿಸಲಾರದು. ಬೆಚ್ಚನೆಯ ಹೊದಿಕೆಯಿಂದಲೂ ಅದೇ ಉದ್ದೇಶ ನೆರವೇರುತ್ತದೆಂದು ತಿಳಿಸಿ ಹೇಳಬೇಕು.

ಲಸಿಕೆ

ದೇಶದಲ್ಲಿ ಲಸಿಕಾ ಕಾರ್ಯಕ್ರಮ 2021ರ ಜನವರಿ 16ರಂದು ಆರಂಭವಾಯಿತು. ಹಾಲುಣಿಸುವ ತಾಯಂದಿರಿಗೆ ಮೇ ತಿಂಗಳಲ್ಲಿ, ಗರ್ಭಿಣಿಯರಿಗೆ ಜುಲೈ 2ರಂದು ಅನುಮತಿ ದೊರೆಯಿತು. ಅಷ್ಟರಲ್ಲಿ ಎರಡನೆಯ ಅಲೆಯ ಕಠಿಣ ದಿನಗಳು ಕಳೆದಿದ್ದವು. ಲಸಿಕೆಯಿಂದ ಗರ್ಭಪಾತವಾಗುತ್ತದೆ, ಮುಂದೆ ಮಕ್ಕಳಾಗುವುದಿಲ್ಲ ಎಂಬ ವದಂತಿಗಳಿಗೆ ನಂತರದ ಅಧ್ಯಯನಗಳಲ್ಲಿ ಆಧಾರ ದೊರೆತಿಲ್ಲ. ತಾಯಿಯಲ್ಲಿ ಉತ್ಪತ್ತಿಯಾದ ಪ್ರತಿಕಾಯಗಳು ಮಾಸಿನ ಮೂಲಕ ಮಗುವಿಗೂ ತಲುಪುತ್ತವೆ. ಹಿಂದೆ ಲಸಿಕೆ ಪಡೆದಿರುವವರು ಅದರ ವಿವರವನ್ನು ತಪಾಸಣೆಯ ವೇಳೆ ವೈದ್ಯರಿಗೆ ತಿಳಿಸತಕ್ಕದ್ದು.

ತುರ್ತು ಸಾಗಣೆ

ಆಂಬುಲೆನ್ಸ್‌ಗಾಗಿ 108ಕ್ಕೆ, ಆರೋಗ್ಯ ಸಲಹೆಗಾಗಿ 104ಕ್ಕೆ ಉಚಿತವಾಗಿ ಕರೆ ಮಾಡಬಹುದು. ಕರೆ ಮಾಡುವಾಗ ಗರ್ಭದ ತಿಂಗಳು, ಉಸಿರಾಟದ ತೊಂದರೆ ಇದೆಯೇ ಎಂಬುದು ಹಾಗೂ ಊರಿನ ಗುರುತನ್ನು ಮೊದಲು ಹೇಳಬೇಕು. ಸೀಮೆಯ ಹಳ್ಳಿಗಳಿಂದ ವಿಜಯಪುರದ ಜಿಲ್ಲಾ ಆಸ್ಪತ್ರೆಗೆ ತಲುಪಲು ಎರಡು ಗಂಟೆಯೂ ಹಿಡಿಯಬಹುದಾದ ಕಾರಣ, ತಾಯಿ ಕಾರ್ಡ್, ರಕ್ತದ ಗುಂಪಿನ ಚೀಟಿ ಮತ್ತು ಬಟ್ಟೆಗಳ ಗಂಟನ್ನು ಎಂಟನೆಯ ತಿಂಗಳಿನಿಂದಲೇ ಒಂದೆಡೆ ಸಿದ್ಧವಿರಿಸಿಕೊಳ್ಳತಕ್ಕದ್ದು.