ಹಲಸೂರು ಬಾಗಿಲು: ಅಲ್ಲಿ ಠಾಣೆ, ಇಲ್ಲಿ ಕಲ್ಲು

ಬೆಂಗಳೂರಿನ ಬಸ್ಸಿನಲ್ಲಿ ಕಂಡಕ್ಟರ್ 'ಹಲಸೂರು ಗೇಟ್' ಎಂದು ಕೂಗಿದಾಗ ಕಿಟಕಿಯಿಂದ ಇಣುಕಿ ನೋಡಿದ್ದೀರಾ? ನಾನು ನೋಡಿದೆ. ಗೇಟು ಕಾಣಲಿಲ್ಲ, ಪೊಲೀಸ್ ಠಾಣೆಯ ಬೋರ್ಡು ಕಂಡಿತು!

ಬಾಗಿಲು ಮಾತ್ರ ನಿಜವಾಗಿಯೂ ಇತ್ತು. ವಿಜಯನಗರದ ಸಾಮಂತ ಕೆಂಪೇಗೌಡರು 1537ರಲ್ಲಿ ಪೇಟೆ ಕಟ್ಟಿಸಿ ಸುತ್ತ ಮಣ್ಣಿನ ಕೋಟೆ ಹಾಕಿಸಿದರು. ಯಾವ ಊರಿಗೆ ದಾರಿಯೋ ಆ ಊರಿನ ಹೆಸರೇ ಬಾಗಿಲಿಗೆ: ಯಲಹಂಕ, ಕೆಂಗೇರಿ, ಆನೇಕಲ್, ಹಲಸೂರು. ಹೊರಗೆ ಕಂದಕ, ಅದರಾಚೆ ದಟ್ಟ ಮುಳ್ಳುಬೇಲಿ. ಒಳಗೆ ಅಕ್ಕಿಪೇಟೆ, ಅರಳೇಪೇಟೆ, ರಾಗಿಪೇಟೆ. ಮೂಡಣ ದಿಕ್ಕಿನಿಂದ ಬರುವವರಿಗೆ ಹಲಸೂರು ಬಾಗಿಲೇ ಹೆಬ್ಬಾಗಿಲು.

ಆ ದಿಕ್ಕಿನಿಂದಲೇ ನಮ್ಮ ಮದರಾಸಿನ ಸೈನ್ಯವೂ ಬಂತು. ಟಿಪ್ಪು ಸುಲ್ತಾನನ ಮೇಲೆ ದಂಡೆತ್ತಿ ಹೊರಟ ಕಾರ್ನ್‌ವಾಲಿಸ್ 1791ರ ಮಾರ್ಚ್ 7ರಂದು ಪೇಟೆಗೆ ಲಗ್ಗೆ ಹಾಕಿದ. ಹೊರಬಾಗಿಲು ಮುರಿಯಿತು. ಒಳಬಾಗಿಲು ಸುಲಭಕ್ಕೆ ಬಗ್ಗಲಿಲ್ಲ. ಮದರಾಸ್ ಫಿರಂಗಿದಳದ ಲೆಫ್ಟಿನೆಂಟ್ ಕರ್ನಲ್ ಮೂರ್‌ಹೌಸ್ ತೋಪನ್ನು ಮುಂದಕ್ಕೆ ತರಿಸುತ್ತಿದ್ದಾಗ ಗುಂಡು ತಗುಲಿ ಅಲ್ಲೇ ಬಿದ್ದ. ಕೊನೆಗೆ ಬಾಗಿಲು ಒಡೆಯಿತು, ಪೇಟೆ ಕೈತಪ್ಪಿತು. ಅದೇ ತಿಂಗಳ 21ರ ರಾತ್ರಿ ಪಕ್ಕದ ಕಲ್ಲುಕೋಟೆಯೂ ಬಿತ್ತು. ಅದರ ಕಿಲ್ಲೇದಾರ ಬಹಾದ್ದೂರ್ ಖಾನ್ ಕಾದಾಡುತ್ತಲೇ ಸತ್ತ.

ಇನ್ನು ನಮ್ಮ ಊರಿಗೆ ಬರೋಣ. ಸೇಂಟ್ ಜಾರ್ಜ್ ಕೋಟೆಯೊಳಗೆ 1680ರ ಸೇಂಟ್ ಮೇರಿಸ್ ಚರ್ಚ್ ಇದೆಯಲ್ಲ, ಅಲ್ಲಿ ಮೂರ್‌ಹೌಸನ ಅಮೃತಶಿಲೆಯ ಸ್ಮಾರಕವಿದೆ. ಅವನ ಸಾವಿನ ಚಿತ್ರವನ್ನು ರಾಬರ್ಟ್ ಹೋಮ್ ಎಂಬ ಕಲಾವಿದ ಬರೆದ. ಕಾರ್ನ್‌ವಾಲಿಸನ ಪ್ರತಿಮೆ ಕೋಟೆಯ ಮ್ಯೂಸಿಯಮ್ಮಿನಲ್ಲಿದೆ. ಅದರ ಪೀಠದ ಮೇಲೆ ಟಿಪ್ಪುವಿನ ಮಕ್ಕಳನ್ನು ಒತ್ತೆಯಾಗಿ ಒಪ್ಪಿಸುವ ದೃಶ್ಯ. ತೇನಾಂಪೇಟೆಯ ಸೆನೋಟಾಫ್ ರಸ್ತೆಯ ಹೆಸರೂ ಅವನ ಸ್ಮಾರಕದಿಂದಲೇ ಬಂದದ್ದು. ನಾವು ದಿನಾ ಆಟೋದವರಿಗೆ ಆ ಹೆಸರು ಹೇಳುತ್ತೇವೆ, ಬೆಂಗಳೂರಿನ ನೆನಪು ಯಾರಿಗೆ ಬರುತ್ತದೆ ಹೇಳಿ?

ಬೆಂಗಳೂರಿನಲ್ಲೂ ಆ ಯುದ್ಧದಲ್ಲಿ ಸತ್ತ ಇಂಗ್ಲಿಷರಿಗೆ ಒಂದು ಸೆನೋಟಾಫ್ ಇತ್ತು. ಕನ್ನಡ ಹೋರಾಟಗಾರರ ಒತ್ತಾಯದ ಮೇಲೆ 1964ರಲ್ಲಿ ಅದನ್ನು ಕೆಡವಿದರು. ನನಗೆ ಅದರ ಬಗ್ಗೆ ದುಃಖವಿಲ್ಲ. ಆದರೆ ಬಾಗಿಲು ಕಾದು ಸತ್ತ ನಮ್ಮವರ ಹೆಸರನ್ನು ಆ ಜಾಗದಲ್ಲಾದರೂ ಕೆತ್ತಿಸಬಹುದಿತ್ತು ಅನ್ನಿಸುತ್ತದೆ. ಕೆತ್ತಿಸಲು ಹೆಸರುಗಳನ್ನು ಬರೆದಿಟ್ಟವರು ಯಾರು?

ಮುಂದಿನ ಭಾನುವಾರ ಬಿಡುವಿದ್ದರೆ ಮಕ್ಕಳನ್ನು ಕೋಟೆಗೆ ಕರೆದುಕೊಂಡು ಹೋಗಿ. ಸಚಿವಾಲಯ ಒಳಗೇ ಇರುವುದರಿಂದ ಬಾಗಿಲಲ್ಲಿ ತಪಾಸಣೆ ಇರುತ್ತದೆ, ಗುರುತಿನ ಚೀಟಿ ಮರೆಯಬೇಡಿ.